ತೆನ್ರಿಯ ಒಡಹುಟ್ಟಿದವನು

ತೆನ್ರಿ ಒಬ್ಬಳೇ ಹುಟ್ಟಲಿಲ್ಲ. ಅವಳ ಬೆನ್ನಿಗೇ ಒಂದು ಉಡದ ಮರಿಯೂ ಹೊರಬಂತು ಎಂದು ಅವಳ ತಾಯಿ ಜೋಹರಾ ಹೇಳುತ್ತಾಳೆ. ಮಗಳ ಬಾಯಲ್ಲಿ ಅವಳು ಇಂದೊ, ಅಂದರೆ ಅಮ್ಮ. ಸೂಲಗಿತ್ತಿಯೂ ಸಾಯುವವರೆಗೆ ಹಾಗೇ ಹೇಳಿದಳು. ತೆಂಪೆ ಸರೋವರದಂಚಿನ ಬುಗಿಸ್ ಜನ ಇಂಥದ್ದಕ್ಕೆಲ್ಲ ಹುಬ್ಬೇರಿಸುವವರಲ್ಲ. ಮರಿಯನ್ನು ನೀರಿಗೆ ಬಿಡುತ್ತಾರೆ, ಹೆಸರಿಡುತ್ತಾರೆ, ಶುಕ್ರವಾರ ಅಂಟಕ್ಕಿ ಅನ್ನ, ಮೊಟ್ಟೆ, ಬಾಳೆಹಣ್ಣು ಬಡಿಸುತ್ತಾರೆ. ಅವಳಿಗಳಲ್ಲಿ ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರಿಗೂ ಬರುತ್ತದೆ, ಒಬ್ಬರು ಹೋದರೆ ಇನ್ನೊಬ್ಬರೂ ಹೆಚ್ಚು ದಿನ ಇರುವುದಿಲ್ಲ ಎನ್ನುವುದೂ ಅಲ್ಲಿ ಎಲ್ಲರೂ ಬಲ್ಲ ಮಾತು.

ಲಾ ಊಪೆ ಎಂದು ಅವನ ಹೆಸರು. ನೆರೆ ಬಂದಾಗ ಮನೆಯ ಏಣಿಯ ಬುಡಕ್ಕೆ ಈಜಿಕೊಂಡು ಬರುತ್ತಿದ್ದ, ಮೀನು ತಿಂದು ಹೋಗುತ್ತಿದ್ದ. ಒಮ್ಮೆ ದೋಣಿಯ ಅರ್ಧದಷ್ಟು ಉದ್ದವಾಗಿ ಹೋದವನು ಮರುವರ್ಷ ಮೊಳದುದ್ದ ಬಂದ. "ಊರೂರು ಅಲೆದವನು ಸೊರಗದೆ ಇರ್ತಾನಾ?" ಎಂದು ಇಂದೊ ಎಲ್ಲರ ಬಾಯಿ ಮುಚ್ಚಿಸಿದಳು. ತೆನ್ರಿಯ ಅಪ್ಪ ತೀರಿಕೊಂಡ ವರ್ಷ ಬಂದವನು ಮಾತ್ರ ಸರೋವರಕ್ಕೆ ಹಿಂದಿರುಗಲಿಲ್ಲ. ಕಂಬಗಳ ಮೇಲೆ ನಿಂತ ಮನೆಯ ಕೆಳಗೆ, ತೆನ್ರಿಯ ರೇಷ್ಮೆ ಮಗ್ಗದ ಪಕ್ಕದ ಬುಟ್ಟಿಯಲ್ಲಿ ಬೀಡುಬಿಟ್ಟ.

ಉಡದ ಒಡಹುಟ್ಟಿದವಳಾಗಿ ಬಾಳುವುದೆಂದರೆ ಏನೆಂದು ಯಾರಾದರೂ ತೆನ್ರಿಯನ್ನೇ ಕೇಳಬೇಕು. ಮೊದಲ ತುತ್ತು ಅವನಿಗೆ, ದೊಡ್ಡ ಮೀನು ಅವನಿಗೆ. ಪ್ರಾಯದಲ್ಲಿ ಅವಳಿಗೊಂದು ಒಳ್ಳೆಯ ಸಂಬಂಧ ಬಂದಿತ್ತು. ಬೀಗರ ಎದುರು ಇಂದೊ, ವರನ ಕಡೆಯಿಂದ ಲಾ ಊಪೆಗೂ ಒಂದು ಸರೋಂಗು ಪಂಚೆ ಬರಬೇಕು, ಮದುವೆಯಲ್ಲಿ ಅವನಿಗೂ ಚಾಪೆ ಹಾಸಬೇಕು ಎಂದು ಪಟ್ಟುಹಿಡಿದಳು. "ಒಬ್ಬಳನ್ನ ಕೇಳೋಕೆ ಬಂದ್ವಿ, ಜೋಡಿನೇ ಕರ್ಕೊಂಡು ಹೋಗ್ಬೇಕೇನಮ್ಮಾ?" ಎಂದು ವರನ ಸೋದರತ್ತೆ ನಕ್ಕು ಎದ್ದಳು. ಆ ನಗೆ ಊರೆಲ್ಲ ಸುತ್ತಿತು. ಆಮೇಲೆ ಯಾರೂ ಬರಲಿಲ್ಲ. ಮಗಳಿಗಿಂತ ಆ ಹಲ್ಲಿಯೇ ಅಮ್ಮನಿಗೆ ಹೆಚ್ಚು ಎಂದು ತೆನ್ರಿ ಅಂದೇ ತೀರ್ಮಾನಿಸಿದಳು. ನಲವತ್ತು ದಾಟಿದರೂ ಆ ಕಹಿ ಹಾಗೇ ಉಳಿದಿತ್ತು.

ಅಂಥ ಲಾ ಊಪೆ ಒಂದು ಬೆಳಿಗ್ಗೆ ಬುಟ್ಟಿಯಲ್ಲಿ ಸೆಟೆದುಕೊಂಡು ಬಿದ್ದಿದ್ದ.

ತೆನ್ರಿಗೆ ಮೊದಲು ಬಂದದ್ದು ಅಳುವಲ್ಲ, ಹೆದರಿಕೆ. ಇಂಥದ್ದನ್ನೆಲ್ಲ ನಂಬುವುದಿಲ್ಲ ಎಂದು ಸಂತೆಯಲ್ಲಿ ಜಂಬ ಕೊಚ್ಚುವವಳು ತನ್ನ ನಾಡಿಯನ್ನು ತಾನೇ ಹಿಡಿದು ನೋಡಿಕೊಂಡಳು. ಆಮೇಲೆ ಮನುಷ್ಯರಿಗೆ ಮಾಡುವಂತೆ ಬಿಳಿ ಬಟ್ಟೆ ಸುತ್ತಿ, ಅಮ್ಮ ಸ್ನಾನಕ್ಕೆ ಹೋಗಿದ್ದಾಗ ಹಿತ್ತಲಲ್ಲಿ ಹೂತಳು. ಅಮ್ಮನಿಗೆ ನಿಜ ಹೇಳುವುದುಂಟೆ? ಅವನು ಹೋದ ಎಂದರೆ ಮಗಳೂ ಹೋದಳು ಎಂದೇ ಆ ಮುದುಕಿಗೆ ಅರ್ಥ.

"ಸರೋವರಕ್ಕೆ ಹೋಗಿದ್ದಾನೆ, ಇಂದೊ," ಎಂದಳು.

"ತಿನ್ನದೇನೇ? ಬರ್ಲಿ ಬಿಡು. ಅವನು ತಿಂದ್ಮೇಲೆ ನಾನು ತಿಂತೀನಿ."

ಇಂದೊಗೆ ಸಕ್ಕರೆ ಕಾಯಿಲೆ. ಕಣ್ಣು ಅದರಿಂದಲೇ ಮಂಜಾಗಿತ್ತು. ಮಾತ್ರೆ ನುಂಗಿ ಹಸಿದುಕೊಂಡಿದ್ದರೆ ತಲೆಸುತ್ತಿ ಬೀಳುವವಳು. ಸಂಜೆಯವರೆಗೂ ಏಣಿಯ ಮೇಲೆ ಕೂತಳು, ಒಂದು ತುತ್ತು ಮುಟ್ಟಲಿಲ್ಲ. ಮರುದಿನ ತೆನ್ರಿ ಗಂಜಿಯ ಬಟ್ಟಲು ಹಿಡಿದು ಬೇಡಿದಳು, ಬೈದಳು. ಮುದುಕಿ ನಾಲ್ಕು ಗುಟುಕು ಕುಡಿದು ಬಟ್ಟಲು ನೂಕಿದಳು. ಅವಳ ಕೈ ನಡುಗುತ್ತಿತ್ತು. ತೆನ್ರಿ ಪಕ್ಕದ ಮನೆಯ ಹಾಜ್ಜಾ ನುರಾಳನ್ನು ಅಮ್ಮನ ಹತ್ತಿರ ಕೂರಿಸಿ, ಪೇಟೆಯಲ್ಲಿ ಬೈಕ್ ರಿಪೇರಿ ಮಾಡುವ ರುಸ್ಲಿಯ ಮನೆಗೆ ಓಡಿದಳು. ಹಾವು ಹಲ್ಲಿಗಳನ್ನು ಮಕ್ಕಳಂತೆ ಸಾಕುವ ಹುಚ್ಚ ಎಂದು ಅವನು ಹೆಸರುವಾಸಿ. ಒಂದು ಉಡ ಬೇಕಿತ್ತು ಎಂದಳು.

"ಯಾರಿಗೆ ಬೇಕು, ದಾಯೆಂಗ್?" ರುಸ್ಲಿ ಹಿರಿಯಳೆಂಬ ಗೌರವದಿಂದಲೇ ಕೇಳಿದ.

"ಅಮ್ಮನಿಗೆ."

"ವಯಸ್ಸಾದವ್ರು ಬೆಕ್ಕು ಸಾಕ್ತಾರಪ್ಪಾ!"

ತೆನ್ರಿ ನಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟಳು. ರುಸ್ಲಿ ಎಣ್ಣೆಗೈ ಒರೆಸಿಕೊಂಡು ಹಿಂದಿನ ಅಂಗಳಕ್ಕೆ ಕರೆದೊಯ್ದ. ಅಲ್ಲಿ ಎರಡು ಗೂಡುಗಳಿದ್ದವು. ಒಂದರಲ್ಲಿ ಸರೋವರದ ಉಡ, ಮೀನುಗಾರರ ಬಲೆಗೆ ಬಿದ್ದಿದ್ದು. ಅದೇ ಉದ್ದ ಕತ್ತು, ಅದೇ ಹಳದಿ ಚುಕ್ಕೆ, ಲಾ ಊಪೆಯೇ ಎದ್ದು ಬಂದಂತೆ. ತೆನ್ರಿ ಹತ್ತಿರ ಹೋದದ್ದೇ ತಡ, ಅದು ಗಂಟಲುಬ್ಬಿಸಿ ಬುಸ್ಸೆಂದು ಬಾಲದಿಂದ ತಂತಿಗೆ ಬಾರಿಸಿತು.

"ಪಳಗಿಸೋಕೆ ಒಂದು ವರ್ಷ ಬೇಕು. ಇವತ್ತೇ ಅಜ್ಜಿ ಕೈಗೆ ಕೊಟ್ರೆ ಬೆರಳು ವಾಪಸ್ ಬರಲ್ಲ," ಎಂದ ರುಸ್ಲಿ. "ಇವನನ್ನ ನೋಡಿ. ತೆಗು ಅಂತ ಒಂದು ಹಲ್ಲಿ ಜಾತಿ. ಸಮುದ್ರದಾಚೆ, ಅಮೆರಿಕದ ಕಡೆಯವನು. ಮರಿಯಿಂದ ನಾನೇ ಸಾಕಿದ್ದು. ತೊಡೆ ಮೇಲೆ ಹಾಕ್ಕೊಂಡ್ರೆ ನಿದ್ದೆ ಮಾಡ್ತಾನೆ."

ಕಪ್ಪುಬಿಳುಪಿನ ದಪ್ಪ ಪ್ರಾಣಿ ಅದು. ಕೆನ್ನೆ ಜೋತುಬಿದ್ದು, ಉಂಡು ತೇಗಿದ ಬೀಗರ ಹಾಗಿತ್ತು. ತೆನ್ರಿ ಬೆನ್ನು ಮುಟ್ಟಿದರೆ ಕಣ್ಣು ಮುಚ್ಚಿತು.

"ನಿಜ ಹೇಳ್ತೀನಿ ದಾಯೆಂಗ್, ಇವನು ಉಡ ಅಲ್ಲ. ಉಡದ ದೂರದ ನೆಂಟನೂ ಅಲ್ಲ."

ಅಲ್ಲೇ ಇದ್ದದ್ದು ಅವಳ ಸಂಕಟ. ಹಳಬರ ಮಾತಿನಲ್ಲಿ ಕೂದಲೆಳೆಯಷ್ಟು ಸತ್ಯವಿದ್ದರೂ, ಅವಳ ಜೀವ ಕಾಯಬಲ್ಲದ್ದು ಸರೋವರದ ಉಡವೇ. ಈ ಪರದೇಶಿಗೂ ಅವಳ ಆಯುಸ್ಸಿಗೂ ಏನು ಸಂಬಂಧ? ಉಡವನ್ನು ತಂದರೆ ತನಗೆ ಒಳ್ಳೆಯದು, ತೆಗುವನ್ನು ತಂದರೆ ಅಮ್ಮನಿಗೆ. ಎರಡು ಗೂಡುಗಳ ನಡುವೆ ಬಹಳ ಹೊತ್ತು ನಿಂತಳು. ಉಡ ಅವಳನ್ನೇ ದಿಟ್ಟಿಸುತ್ತಿತ್ತು. ಕೊನೆಗೆ ಅಮ್ಮನ ನಡುಗುವ ಬೆರಳುಗಳು ನೆನಪಾಗಿ ತೆಗುವನ್ನೇ ಕೇಳಿದಳು. ತಾನೇ ನೇಯ್ದ ಎರಡು ರೇಷ್ಮೆ ಸರೋಂಗು ಕೊಟ್ಟಳು.

"ಬಂದ ನೋಡು, ಇಂದೊ!"

ಮುದುಕಿಯ ಮುಖ ಅರಳಿತು. ತಡಕಾಡಿ ಬೆನ್ನು ಸವರಿದಳು. ಕೈ ಕತ್ತಿನ ಹತ್ತಿರ ಒಂದು ಕ್ಷಣ ನಿಂತಿತು. "ದಪ್ಪ ಆಗಿದ್ದಾನೆ," ಎಂದಳು. ತೆಗು ಅವಳ ಮಡಿಲಿಗೆ ತಲೆಯಿಟ್ಟಿತು. ಇಂದೊ ಮೊಟ್ಟೆ ಕೊಟ್ಟಳು, ಅದು ತಿಂದಿತು. ಆಮೇಲೆ ತಾನೂ ಊಟ ಕೇಳಿದಳು. ತೆನ್ರಿ ಮೀನಿನ ಮುಳ್ಳು ಬಿಡಿಸಿ ಬಿಡಿಸಿ ತಿನ್ನಿಸಿದಳು.

ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಶುಕ್ರವಾರ ಬಂತು. ಇಂದೊ ಎಂದಿನಂತೆ ತಟ್ಟೆ ಇಟ್ಟಳು. ಅವಳ ಲೆಕ್ಕದಲ್ಲಿ ಬಾಳೆಹಣ್ಣು ಬರೀ ಶಾಸ್ತ್ರಕ್ಕೆ. ಉಡ ಹಣ್ಣು ಮುಟ್ಟುವ ಜಾತಿಯಲ್ಲ. ತೆಗು ಮಾತ್ರ ಮೊಟ್ಟೆ ಬಿಟ್ಟು ಮೊದಲು ಬಾಳೆಹಣ್ಣಿಗೇ ಬಾಯಿ ಹಾಕಿ ಲೊಚಲೊಚನೆ ತಿನ್ನತೊಡಗಿತು.

"ಅಯ್ಯಯ್ಯೋ, ಲಾ ಊಪೆ ಬಾಳೆಹಣ್ಣು ತಿಂತಾನೆ!" ಎಂದು ಮಾತಾಡಲು ಬಂದು ಕೂತಿದ್ದ ಹಾಜ್ಜಾ ನುರಾ ಕೂಗಿದಳು. "ಜೋಹರಾ, ಇದು ನಿನ್ನ ಮಗ ಅಲ್ವೇ ಅಲ್ಲ ಕಣೆ! ಬಣ್ಣನೂ ಬೇರೆ, ಮೂತಿನೂ ಬೇರೆ!"

ತೆನ್ರಿ ತಟ್ಟೆಯನ್ನು ಸರಕ್ಕನೆ ತನ್ನ ಕಡೆ ಎಳೆದುಕೊಂಡಳು.

"ಬಾಯ್ಮುಚ್ಚೇ!" ಎಂದು ಅಬ್ಬರಿಸಿದವಳು ಇಂದೊ. "ವಯಸ್ಸಾದ್ಮೇಲೆ ನಾಲಿಗೆ ಬದಲಾಗಲ್ವಾ? ನೀನು ಹಜ್‌ಗೆ ಹೋಗಿ ಬಂದ್ಮೇಲೆ ಒಣಮೀನು ಮುಟ್ತೀಯಾ? ನನ್ನ ಮಗನ್ನ ನಾನು ಗುರುತು ಹಿಡೀದೆ ನೀನು ಹಿಡೀತೀಯಾ? ಎದ್ದು ಹೋಗು!"

ನುರಾ ಗೊಣಗುತ್ತ ಏಣಿಯಿಳಿದಳು. ಅವಳ ಚಪ್ಪಲಿಯ ಸದ್ದು ದೂರವಾಗುವವರೆಗೂ ಇಂದೊ ಕಿವಿಗೊಟ್ಟಳು. ಆಮೇಲೆ ಕೈಚಾಚಿ ಮಗಳ ಹಣೆ ಹುಡುಕಿ ಮುಟ್ಟಿದಳು. ಕತ್ತು ಮುಟ್ಟಿದಳು, ಎದೆಯ ಮೇಲೆ ಅಂಗೈ ಇಟ್ಟಳು.

"ಜ್ವರ ಇದೆಯಾ? ತಲೆ ಭಾರ? ಹಸಿವಾಗುತ್ತಾ ನಿಂಗೆ? ಸುಳ್ಳು ಹೇಳ್ಬೇಡ."

"ಇಂದೊ, ಅವನು ಸೋಮವಾರ..."

ಮುದುಕಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ಹೇಳ್ಬೇಡ! ಬಾಯಿಂದ ಬಂದ್ರೆ ನಿಜ ಆಗೋಗುತ್ತೆ. ಕತ್ತು ಮುಟ್ಟಿದಾಗಲೇ ನಂಗೆ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ನಿದ್ದೆ? ಅಷ್ಟು ಪ್ರೀತಿ ನಿಂಗೆ ಅವನ ಮೇಲೆ. ಅಳಬಹುದಿತ್ತಲ್ಲ?"

"ಪ್ರೀತಿನಾ?" ಇಂದೊ ಬೆರಗಾದಳು. "ಆ ಹಲ್ಲಿ ಮೇಲಾ? ನಾತ ಹೊಡೀತಿದ್ದ ಕಣೆ. ನೀನು ಹುಟ್ಟಿದಾಗ ಹಾಲು ಕುಡೀದೆ ನೀಲಿಗಟ್ಟಿದ್ದೆ. ಅವನು ಉಳಿದ್ರೆ ಇವಳೂ ಉಳೀತಾಳೆ ಅಂದ್ಲು ಸೂಲಗಿತ್ತಿ. ಅವತ್ತಿಂದ ಹಾಕ್ತಾ ಬಂದಿದ್ದೀನಿ. ಮೊದಲ ತುತ್ತು, ದೊಡ್ಡ ಮೀನು, ಎಲ್ಲಾ. ಅವನ ಹೊಟ್ಟೆಗೆ ಹಾಕಿದ್ದೆಲ್ಲ ನಿಂಗೇ ಕಣೆ, ದಡ್ಡೀ. ಮದುವೆಗೆ ಅವನನ್ನ ಕರೀದೇ ಇದ್ದು, ಅವನು ಮುನಿಸ್ಕೊಂಡು ನಿಂಗೇನಾದ್ರೂ ಆಗಿದ್ರೆ?"

ಇಷ್ಟು ವರ್ಷ ತೆನ್ರಿ ಲೆಕ್ಕವಿಟ್ಟ ಒಂದೊಂದು ಅವಮಾನವೂ ಬೇರೆಯೇ ಮುಖ ತೋರಿಸಿತು. ಅಮ್ಮನ ತೊಡೆಯ ಮೇಲೆ ಬಿದ್ದು ಅತ್ತಳು. ಹೊಟ್ಟೆ ತುಂಬಿದ ತೆಗು ಪಕ್ಕದಲ್ಲೇ ಮಲಗಿತ್ತು.

ಅತ್ತರೆ ಎಲ್ಲ ಹಗುರಾಗುತ್ತದೆ ಎನ್ನುವವರು ಈ ಮನೆಗೆ ಬಂದು ನೋಡಬೇಕು. ಇಂದೊ ಈಗಲೂ ತೆಗುವನ್ನು ಊರ ಮುಂದೆ ಲಾ ಊಪೆ ಎಂದೇ ಕರೆಯುತ್ತಾಳೆ, ಅಲ್ಲವೆಂದವರ ಮೇಲೆ ಎರಗುತ್ತಾಳೆ. ಆದರೆ ಸರಿಯಾಗಿ ನಿದ್ದೆಯಿಲ್ಲ, ಮಗಳು ಕೆಮ್ಮಿದರೆ ಬೆಚ್ಚುತ್ತಾಳೆ. ಮಧ್ಯಾಹ್ನ ಉಂಡು ತೆನ್ರಿ ಮಗ್ಗದ ಪಕ್ಕ ಚಾಪೆ ಹಾಸಿ ಅಡ್ಡಾಗುವುದೇ ತಡ, ಏಣಿ ಕಿರುಗುಟ್ಟುತ್ತದೆ. ಮುದುಕಿ ಮೆಟ್ಟಿಲು ತಡಕುತ್ತ ಇಳಿದು ಬಂದು ಪಕ್ಕದಲ್ಲಿ ಕೂರುತ್ತಾಳೆ, ಮಗಳ ಮೂಗಿನ ಬಳಿ ಕಿವಿ ತರುತ್ತಾಳೆ. ತೆನ್ರಿ ಕಣ್ಣು ತೆರೆಯುವುದಿಲ್ಲ. ಅಮ್ಮನಿಗೆ ಕೇಳಲೆಂದು ಸ್ವಲ್ಪ ಜೋರಾಗಿಯೇ ಉಸಿರಾಡುತ್ತಾಳೆ.