ಮಿಲ್ಲಿನ ಹಿಂಗೋಡೆಯ ಕಿಂಡಿ

ಯಳಂದೂರಿನಿಂದ ಮಾಂಬಳ್ಳಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ತಾತನ ಹಿಟ್ಟಿನ ಮಿಲ್ಲಿತ್ತು. ಈಗ ಅದು ವಸ್ತುಸಂಗ್ರಹಾಲಯ. ಅಷ್ಟು ದೊಡ್ಡ ಹೆಸರು ಹೇಳಲು ನನಗೇ ನಗು ಬರುತ್ತದೆ. ಒಳಗಿರುವುದು ಒಂದು ಕಲ್ಲಿನ ಮಿಲ್ಲು, ಅದರ ಬೆಲ್ಟು, ಸೇರು, ಪಾವು, ನಾಲ್ಕು ಜರಡಿ, ಬಾಗಿಲ ಮೇಲೆ ತಾತನ ಫೋಟೋ. ಗುಜರಿಗೆ ಹಾಕಲು ಮನಸ್ಸು ಬಾರದೆ ಅಣ್ಣ ಮತ್ತು ನಾನು ಸೇರಿ ಮಾಡಿದ್ದು. ನನ್ನ ಅಕ್ಷರ ದುಂಡಗಿದೆ ಎಂದು ಬೋರ್ಡು ಬರೆಯುವ ಕೆಲಸ ನನ್ನ ತಲೆಗೆ ಬಿತ್ತು.

ಅದಕ್ಕೆ ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಚಿಕ್ಕವಳಿದ್ದಾಗ ತಾತನ ತಲೆ ತಿಂದವಳು ನಾನು. ಕಲ್ಲಿಗೆ ಯಾಕೆ ಉಳಿಯಲ್ಲಿ ಗೀರು ಹಾಕಿಸುತ್ತೀರಿ, ಬೆಲ್ಟನ್ನು ಯಾಕೆ ತಿರುಚಿ ಹಾಕುತ್ತೀರಿ, ಮೆಣಸಿನಕಾಯಿ ಬೀಸಿದ ಮೇಲೆ ರಾಗಿ ಹಾಕಲು ಹೆಂಗಸರು ಯಾಕೆ ಹಿಂದೆ ಸರಿಯುತ್ತಾರೆ? ತಾತ ಬೇಸರಿಸದೆ ಹೇಳುತ್ತಿದ್ದರು. ಗೀರು ಸವೆದರೆ ಕಾಳು ನುರಿಯದೆ ಜಾರುತ್ತದೆ, ಬೆಲ್ಟು ತಿರುಚಿದರೆ ಚಕ್ರ ಉಲ್ಟಾ ದಿಕ್ಕಿಗೆ ತಿರುಗುತ್ತದೆ. ಮೆಣಸಿನಕಾಯಿಯದನ್ನು ಮಾತ್ರ ಮಾರನೆಯ ದಿನದ ಮುದ್ದೆಯೇ ಹೇಳಿತು.

ಹಿಂಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಒಂದು ಕಿಂಡಿಯಿದೆ. ಅದರ ಪಕ್ಕ 'ಗಾಳಿಗಾಗಿ ಬಿಟ್ಟದ್ದು' ಎಂದು ಬರೆದೆ. ರಾಗಿ ಚೀಲ ಹಿಡಿದ ಕೈಗಳು ಅದರಿಂದ ಒಳಗೆ ಬರುತ್ತಿದ್ದುದು, ಹಿಟ್ಟು ಅದೇ ದಾರಿಯಲ್ಲಿ ಹೊರಗೆ ಹೋಗುತ್ತಿದ್ದುದು ನನಗೆ ನೆನಪಿತ್ತು. ಆ ಕೈಗಳ ಬಳೆ ಎಣಿಸುವುದು ನನಗೊಂದು ಆಟ. ಹಿಂದಿನ ಹೊಲದಿಂದ ಬರುವವರಿಗೆ ಅದು ಹತ್ತಿರದ ದಾರಿ ಎಂದುಕೊಂಡಿದ್ದೆ. ಹಾಗೆ ಅಂದುಕೊಂಡಿರುವುದೇ ಹಾಯಾಗಿತ್ತು.

ಕಳೆದ ತಿಂಗಳು ಊರಾಚೆಯ ಕೇರಿಯ ಹೆಂಗಸೊಬ್ಬರು ಸೊಸೆಯ ಜೊತೆ ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಸೊಸೆ ಬೋರ್ಡುಗಳನ್ನು ಗಟ್ಟಿಯಾಗಿ ಓದುತ್ತ ಬಂದಳು. ಕಿಂಡಿಯದನ್ನು ಓದಿದಾಗ ಅತ್ತೆ ನಕ್ಕರು. ಜಗಳದ ನಗುವಲ್ಲ.

"ಗಾಳಿಗಾ? ನಮ್ ಕೇರಿಯೋರು ಒಳಕ್ಕ ಬರಂಗಿರ್ನಿಲ್ಲ ಕಣವ್ವ. ಇದ್ರಲ್ಲೇ ರಾಗಿ ಕೊಡ್ತಿದ್ದೊ. ಬಗ್ಗಿ ನೋಡುದ್ರ ಒಂದು ಮಗೀನ ಗೆಜ್ಜೆಕಾಲು ಕಾಣ್ತಿತ್ತು."

ಆ ಗೆಜ್ಜೆ ನನ್ನದು. ನಾಚಿಕೆಯಿಂದ ಮುಖ ಬಿಸಿಯಾಯಿತು. ನಾನು ಬಳೆ ಎಣಿಸಿದ ಕೈಗಳಲ್ಲಿ ಇದೂ ಒಂದಿತ್ತೇ ಎಂದು ಅವರ ಕೈ ನೋಡಿದೆ. ನೆನಪಾಗಲಿಲ್ಲ. ಅಷ್ಟೆಲ್ಲ ಕೇಳಿದವಳು ಆ ಕಿಂಡಿಯ ಬಗ್ಗೆ ತಾತನನ್ನು ಒಂದು ದಿನವೂ ಕೇಳಿರಲಿಲ್ಲ.

ಅವರಿಗೆ ಬೇಕಾಗಿದ್ದದ್ದು ಯಂತ್ರ. ಇಷ್ಟು ವರ್ಷ ಸದ್ದು ಮಾತ್ರ ಕೇಳಿದ್ದರಂತೆ. ಕಾಳು ಎಲ್ಲಿ ಬೀಳುತ್ತದೆ, ಹಿಟ್ಟು ಎಲ್ಲಿ ಬರುತ್ತದೆ, ಬೆಲ್ಟು ಯಾಕೆ ತಿರುಚಿದೆ ಎಂದು ಒಂದೊಂದಾಗಿ ಕೇಳಿದರು. ತಾತ ಹೇಳಿದ್ದನ್ನೇ ಹೇಳಿದೆ. ನೋಡುವವರಿಗೆಂದು ಮೊರದಲ್ಲಿ ಇಟ್ಟಿದ್ದ ರಾಗಿಯಿಂದ ಒಂದು ಹಿಡಿ ತೆಗೆದು ನನ್ನ ಮುಖ ನೋಡಿದರು. ಹಾಕಿ ಎಂದೆ. ಮೋಟಾರು ಕೆಟ್ಟು ಎಷ್ಟೋ ಕಾಲವಾಗಿದ್ದರಿಂದ ಬೆಲ್ಟನ್ನು ನಾನೇ ಕೈಯಲ್ಲಿ ಎಳೆದೆ. ಚಿಟಿಕೆಯಷ್ಟು ತರಿ ಉದುರಿತು. ಅದನ್ನು ಬೆರಳಲ್ಲಿ ತಿಕ್ಕಿ ನೋಡಿ, ಇಷ್ಟೇನಾ ಎಂದು ಕೇಳಿ, ಸೊಸೆಯನ್ನು ಕರೆದುಕೊಂಡು ಹೊರಟರು.

ಸಂಜೆ ಬೋರ್ಡು ಕಿತ್ತೆ. ಅಣ್ಣನಿಗೆ ಇಷ್ಟವಿರಲಿಲ್ಲ. ಈಗ ಯಾರೂ ಹಾಗೆ ನಡೆದುಕೊಳ್ಳುವುದಿಲ್ಲ, ಹಳೆಯದನ್ನು ಕೆದಕಿ ತಾತನ ಮರ್ಯಾದೆ ಯಾಕೆ ಕಳೆಯುತ್ತೀಯೆ ಎಂದ. ತಾತನನ್ನು ಅವನಿಗಿಂತ ಹೆಚ್ಚು ಹಚ್ಚಿಕೊಂಡಿದ್ದವಳು ನಾನು. ಆದರೂ ಬರೆದೆ: 'ಕೇರಿಯವರು ಒಳಗೆ ಬರುವಂತಿರಲಿಲ್ಲ. ಹೊರಗೆ ನಿಂತು ಈ ಕಿಂಡಿಯಿಂದ ರಾಗಿ ಕೊಡುತ್ತಿದ್ದರು.'

ಅಣ್ಣ ಎರಡು ಸಲ ಓದಿದ. ಕುಂಚವನ್ನು ಎತ್ತಿ ಮತ್ತೆ ನನ್ನ ಕೈಗಿಟ್ಟ.

"ಯಾರು ಬಿಡ್ತಿರ್ನಿಲ್ಲ ಅಂತ ಎಲ್ಲಿ ಅದೆ? ಬರಿಯೋದಾದ್ರ ಪೂರ್ತಿ ಬರಿ."

ಬೋರ್ಡಿನ ಕೆಳಗೆ ಇನ್ನೊಂದು ಸಾಲಿಗೆ ಜಾಗವಿತ್ತು. ತಾತನ ಹೆಸರು ಬರೆದೆ.