ನೂಲು ಕಟ್ಟಿದ ಚೀಟಿ

ನನ್ನ ಮೇಜಿನ ಡ್ರಾಯರಿನಲ್ಲಿ, ಸವೆದ ಪೆನ್ಸಿಲು ತುಂಡುಗಳ ನಡುವೆ, ತುದಿಗೆ ನೂಲು ಕಟ್ಟಿದ ಒಂದು ರಟ್ಟಿನ ಚೀಟಿ ಇದೆ. ಅದರ ಮೇಲೆ ನಾಲ್ಕು ಸಾಲು ಅಚ್ಚಾಗಿವೆ: ಎಲ್ಲಿತ್ತು, ಯಾವ ದಿಕ್ಕಿಗೆ ಮುಖ ಮಾಡಿತ್ತು, ಯಾರು ಪೂಜಿಸುತ್ತಿದ್ದರು, ಯಾರು ಎತ್ತಿಸಿ ತಂದರು. ನಾಲ್ಕರ ಮುಂದೆಯೂ ಖಾಲಿ. ಖಾಲಿ ಕಾಗದವೊಂದು ಮನುಷ್ಯನನ್ನು ಇಷ್ಟು ನಾಚಿಸಬಲ್ಲದೆಂದು, ಓದುಗ ಮಿತ್ರರೇ, ನನಗೆ ಮೊದಲು ಗೊತ್ತಿರಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಸೊರಬದ ಒಂದೇ ಕೋಣೆಯ ವಸ್ತುಸಂಗ್ರಹಾಲಯಕ್ಕೆ ನಾನೇ ಅಧಿಕಾರಿ, ನಾನೇ ಕಾವಲುಗಾರ, ಕಸ ಗುಡಿಸುವವನೂ ನಾನೇ. ನಮ್ಮಂಥವರಿಗೆ ಕಸುಬು ಕಲಿಸಲೆಂದು ಶಿಕಾರಿಪುರದ ಶಾಲೆಯೊಂದರಲ್ಲಿ ಎರಡು ದಿನದ ಉಪನ್ಯಾಸ ಏರ್ಪಟ್ಟಿತ್ತು. ಹೊಲದ ಬದುಗಳಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿ ನಿಂತ ವೀರಗಲ್ಲುಗಳನ್ನು ಸೂರಿನಡಿಗೆ ತರಬೇಕು, ಜಿಡ್ಡು ತೆಗೆದರೆ ಕೆತ್ತನೆ ಕಾಣುತ್ತದೆ ಎಂದು ಮೊದಲ ದಿನ ಪಾಠ ಹೇಳಿದರು. ಕೇಳಿದ್ದೇ ತಡ, ನನಗೆ ಎಲ್ಲಿಲ್ಲದ ಹುರುಪು. ಎರಡನೆಯ ದಿನಕ್ಕೆ ಚಕ್ಕರ್ ಹೊಡೆದು, ಅವರು ಕೊಟ್ಟ ನೂಲಿನ ಚೀಟಿಗಳ ಕಟ್ಟನ್ನು ಚೀಲಕ್ಕೆ ತುರುಕಿ ಊರಿಗೆ ಬಂದವನೇ, ಆನವಟ್ಟಿಯ ಸುತ್ತಿನ ಹೊಲಗಳಿಗೆ ಗಾಡಿ ಕಳಿಸಿದೆ. ಐದು ಕಲ್ಲು ಬಂದವು. ಸೀಗೆಪುಡಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಐದನ್ನೂ ಬೆಳ್ಳಗೆ ಮಾಡಿದೆ. ಕಲ್ಲೆತ್ತುವ ಮೊದಲೇ ಚೀಟಿ ಬರೆಯಬೇಕೆಂಬುದೇ ಎರಡನೆಯ ದಿನದ ಪಾಠವಾಗಿತ್ತೆಂದು ಬಹಳ ತಡವಾಗಿ ತಿಳಿಯಿತು.

ದೀಪಾವಳಿಗೆ ಒಬ್ಬ ಅಜ್ಜಿ ಎಣ್ಣೆಯ ಬಟ್ಟಲು ಹಿಡಿದು ಬಂದರು. ತಮ್ಮ ಹೊಲದ ಬದುವಿನಲ್ಲಿ ಕಲ್ಲಾಗಿ ನಿಂತ ಹಿರಿಯನಿಗೆ ವರ್ಷಕ್ಕೊಮ್ಮೆ ಎಣ್ಣೆ ಎರೆಯುವುದು ಅವರ ಮನೆಯ ನಡಾವಳಿ. ಐದೂ ಕಲ್ಲುಗಳ ಮುಂದೆ ನಿಂತು ನಿಂತು ನೋಡಿದರು.

"ನಮ್ಮಜ್ಜ ಎಣ್ಣೆ ಕುಡ್ದು ಕರ್ರಗಿದ್ನಲ್ರೀ. ಇವ್ರಲ್ಲಿ ನಮ್ಮೋನು ಯಾರು, ನೀವೇ ಹೇಳ್ರೀ."

ನನಗೆ ಗೊತ್ತಿದ್ದರೆ ತಾನೆ ಹೇಳುವುದು? ಗಾಡಿಯವರನ್ನು ಕರೆಸಿದೆ, ತಿಕ್ಕಿದ ಮೇಲೆ ಅವರಿಗೂ ಗುರುತು ಹತ್ತಲಿಲ್ಲ.

"ಹಂಗಾರೆ ಐದಕ್ಕೂ ಒಂದೊಂದು ಹನಿ ಬಿಡ್ಲೇನ್ರೀ?"

"ಇಲ್ಲಿ ಎಣ್ಣೆ ಹಾಕಂಗಿಲ್ಲಮ್ಮ," ಎಂದೆ. ಅರ್ಧ ಪಾಠ ಕಲಿತವನ ಗತ್ತು ಅದು. ಅಜ್ಜಿ ತುಂಬಿದ ಬಟ್ಟಲನ್ನು ಸೆರಗಿನಡಿ ಮುಚ್ಚಿಕೊಂಡು ಹೋದರು. ಮತ್ತೆ ಬರಲಿಲ್ಲ.

ನಾನು ಜಿಡ್ಡು ಎಂದು ತಿಕ್ಕಿ ತೆಗೆದದ್ದು ಆ ಮನೆಯವರು ತಲೆತಲಾಂತರದಿಂದ ಎರೆದ ನೆನಪಾಗಿತ್ತು. ಸೂರಿಲ್ಲದ ಆ ಬದುವಿನಲ್ಲಿ ಅವರು ತಮ್ಮ ಅಜ್ಜನನ್ನು ನನಗಿಂತ ಚೆನ್ನಾಗಿಯೇ ನೋಡಿಕೊಂಡಿದ್ದರು. ಒಂದು ಹನಿ ಬಿಡಲು ಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಇಂದಿಗೂ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ.

ಇವತ್ತು ಆ ಚೀಟಿಯನ್ನು ಹೊರತೆಗೆದು ಬರೆಯಲು ಕೂತೆ. ಐದರಲ್ಲಿ ಯಾವ ಕಲ್ಲು ಯಾರದೆಂದು ತಿಳಿಯದ್ದರಿಂದ ಮೊದಲ ಮೂರು ಸಾಲಿಗೆ ಉತ್ತರ ಈಗಲೂ ಇಲ್ಲ. ನಾಲ್ಕನೆಯದರ ಮುಂದೆ ನನ್ನ ಹೆಸರು ಬರೆದೆ.