ಟೈರಿನ ಮೇಲಿನ ನಾಲ್ಕು ಅಂಕಿ

ಕಡೂರಿನಲ್ಲಿ ತೀರ್ಥಪ್ಪನ ಟೈರ್ ಅಂಗಡಿಯೂ ನನ್ನ ಸೀಟ್ ಕವರ್ ಅಂಗಡಿಯೂ ಒಂದೇ ಗೋಡೆಯ ಆಚೀಚೆ. ಇಪ್ಪತ್ತಾರು ವರ್ಷ ಟೈರ್ ಮಾರಿದ ಮನುಷ್ಯ. ಸುಳ್ಳು ಹೇಳಿ ವ್ಯಾಪಾರ ಮಾಡಿದವನಲ್ಲ, ಆದರೆ ಗೊತ್ತಿಲ್ಲ ಎನ್ನುವ ಮಾತು ಅವನ ಬಾಯಿಂದ ಹೊರಟದ್ದೂ ಇಲ್ಲ. ಟೈರಿನ ಪಕ್ಕೆಯ ಮೇಲೆ 165/80 R14 ಎಂದಿದ್ದರೆ ಮೊದಲನೆಯದು ಅಗಲ, ಕೊನೆಯದು ರಿಮ್ಮಿನ ಅಳತೆ ಎಂದು ಪಟಪಟ ಹೇಳುತ್ತಿದ್ದ. ಅಲ್ಲೇ ಇರುವ ನಾಲ್ಕು ಪುಟ್ಟ ಅಂಕಿಗಳನ್ನು ಮಾತ್ರ "ಅದು ಕಂಪ್ನಿಯೋರ ನಂಬರು, ನಮಗ್ಯಾಕೆ" ಎಂದುಬಿಡುತ್ತಿದ್ದ. ಹೊಸ ಟೈರಿನ ಮೇಲೆ ಕೂದಲಿನಂತೆ ನಿಂತಿರುತ್ತವಲ್ಲ ರಬ್ಬರ್ ಎಳೆಗಳು, ಅವನ್ನು ಅವನು ಮೀಸೆ ಎನ್ನುತ್ತಿದ್ದ. ಮೀಸೆ ಇದ್ದರೆ ಹೊಸದು, ಅಷ್ಟೇ ಅವನ ಪರೀಕ್ಷೆ. ಬೀರೂರಿನಲ್ಲಿ ಮುಚ್ಚಿದ ಅಂಗಡಿಯೊಂದರ ಸರಕನ್ನೂ ಹಾಗೇ ಮೀಸೆ ನೋಡಿ ತಂದಿದ್ದ.

ಅಜ್ಜಂಪುರದ ತನುಜಾ ತರೀಕೆರೆಯಲ್ಲಿ ನರ್ಸ್. ಹಟ ಹಿಡಿದು ಕಾರು ಕಲಿತು ದಿನಾ ತಾನೇ ಓಡಿಸಿಕೊಂಡು ಹೋಗುತ್ತಿದ್ದಳು. ತೀರ್ಥಪ್ಪನ ಹತ್ತಿರ ಟೈರ್ ಹಾಕಿಸಿದ ಎರಡೇ ತಿಂಗಳಿಗೆ ದಾರಿಯಲ್ಲಿ ಒಂದು ಸಿಡಿದು ಕಾರು ಹೊಲಕ್ಕೆ ನುಗ್ಗಿತು. ಪುಣ್ಯಕ್ಕೆ ಅವಳಿಗೆ ಏನೂ ಆಗಲಿಲ್ಲ. ಹರಿದ ಟೈರು ಹೊರಿಸಿಕೊಂಡು ಗಂಡ ವಿಶ್ವನಾಥನ ಜೊತೆ ಅಂಗಡಿಗೆ ಬಂದಳು.

"ಗಾಳಿ ನೋಡ್ದೆ ಓಡ್ಸಿದೀಯ ಕಣಮ್ಮ, ಟೈರೇನ್ ಮಾಡ್ತದೆ?" ಎಂದ ತೀರ್ಥಪ್ಪ. "ಹೆಂಗಸ್ರ ಕೈಗೆ ಸ್ಟೇರಿಂಗ್ ಕೊಟ್ರೆ ಹಿಂಗೇ."

ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ನಗುವಾಗಲೇ ನನ್ನ ಕಣ್ಣಿಗೆ ಬಿದ್ದದ್ದು 1716. ಹಿಂದೆ ಲಾರಿ ಓಡಿಸಿದವನು ನಾನು, ಆ ಅಂಕಿಯ ಅರ್ಥ ನನಗೆ ಗೊತ್ತು. ಎರಡು ಸಾವಿರದ ಹದಿನಾರನೇ ಇಸವಿಯ ಹದಿನೇಳನೇ ವಾರ ತಯಾರಾದ ಟೈರು. ಎಂಟು ವರ್ಷ ಮೂಲೆಯಲ್ಲಿ ಕೂತು ರಬ್ಬರು ಸತ್ತಿತ್ತು. ಆಗಲೇ ಬಾಯಿ ಬಿಡಬೇಕಿತ್ತು. ಪಕ್ಕದ ಅಂಗಡಿಯವನ ಮರ್ಯಾದೆ ಎಂದುಕೊಂಡು ಸುಮ್ಮನಾದೆ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಅವರು ಹೋದ ಮೇಲೆ ಹೇಳಿದೆ. ತೀರ್ಥಪ್ಪ ನನ್ನ ಮೇಲೆ ಕೂಗಾಡಿದ. ಆಮೇಲೆ ಒಳಗಿನ ಟೈರುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ಮೀಸೆ ಇದ್ದವುಗಳಲ್ಲೇ ಅಂಥವು ಇನ್ನೂ ಏಳು ಸಿಕ್ಕವು. ಏಳನ್ನೂ ಕತ್ತರಿಸಿ ಹಾಕಿದ. ಅಜ್ಜಂಪುರಕ್ಕೆ ಹೋಗುವುದನ್ನು ಮಾತ್ರ, ಯಾವ ಮುಖ ಹೊತ್ತು ಹೋಗಲಿ ಎಂದು ಒಂದು ತಿಂಗಳು ತಳ್ಳಿದ. ಕೊನೆಗೊಂದು ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ಹೊರಟ.

ತನುಜಾ ಕೆಲಸಕ್ಕೆ ಹೊರಡುತ್ತಿದ್ದಳು. ವಿಶ್ವನಾಥ ಜಗಲಿಯ ಮೇಲೆ ಕೂತಿದ್ದ.

"ತಪ್ಪು ನಂದು ಕಣವ್ವ," ಎಂದ ತೀರ್ಥಪ್ಪ, ಬಾಗಿಲಲ್ಲೇ ನಿಂತು. "ಅದು ಎಂಟು ವರ್ಷದ ಹಳೇ ಟೈರು. ನೀನು ಓಡ್ಸಿದ್ರಲ್ಲಿ ಏನೂ ಐಬಿಲ್ಲ. ಹೊಸವು ತಂದಿದೀನಿ, ನಾಲ್ಕೂ ನಾನೇ ಹಾಕ್ಕೊಡ್ತೀನಿ."

"ನಾನೂ ಅವತ್ತೇ ನೋಡಿದ್ದೆ, ಹೇಳ್ಲಿಲ್ಲ," ಎಂದೆ.

ತನುಜಾ ಗಂಡನ ಕಡೆ ನೋಡಿದಳು. ಅವನು ತಲೆ ಎತ್ತಲಿಲ್ಲ.

"ಕಾರು ಮಾರಿ ಹದಿನೈದು ದಿನ ಆಯ್ತು ತೀರ್ಥಪ್ಪಣ್ಣ," ಎಂದಳು. "ನೀವು ಅಂದಿದ್ನೇ ಮನೇಲೂ ಅಂದ್ರು. ನಂಗೆ ಓಡ್ಸಕ್ಕೆ ಬರಲ್ಲ ಅಂತ ನಾನೂ ನಂಬ್ಬಿಟ್ಟಿದ್ದೆ."

ಚೀಲ ಹೆಗಲಿಗೆ ಹಾಕಿಕೊಂಡಳು. "ದಾರಿ ಬಿಡಿ, ಬಸ್ಸು ಹೋಗ್ಬಿಡ್ತದೆ."

ನಾವಿಬ್ಬರೂ ಪಕ್ಕಕ್ಕೆ ಸರಿದೆವು.